ಅಣ್ಣ ತಮ್ಮಂದಿರ ಹೋಟೆಲ್ ಜಗಳ, ನಡುವೆ ಹೇಗೆ ಕೂರಲಿ?

ಚೆಂಬೂರಿನವ:
ಮಾವ ಮಾಟುಂಗಾದಲ್ಲಿ ಸ್ವಂತ ದುಡಿದು ಕಟ್ಟಿದ ಹೋಟೆಲ್. ಅವರು ಹೋಗಿ ಎರಡು ವರ್ಷ, ಉಯಿಲು ಬರೆದಿಲ್ಲ. ಹೆಂಡತಿಯ ಅಣ್ಣ ಗಲ್ಲೆಯಲ್ಲಿ ಕೂರುತ್ತಾನೆ, ತಮ್ಮ ಅಡುಗೆಮನೆ ನೋಡಿಕೊಳ್ಳುತ್ತಾನೆ. ಲೆಕ್ಕ ತೋರಿಸಲ್ಲ ಅಂತ ತಮ್ಮ. ಸಾಲ ತೀರಿಸಿದವನು ನಾನು ಅಂತ ಅಣ್ಣ. ಭಾನುವಾರ ಇಬ್ಬರನ್ನೂ ಮನೆಗೆ ಕರೆದೆ. ಕಾಫಿ ಆರುವ ಮೊದಲೇ ಕೂಗಾಟ. ತಮ್ಮ ಚಪ್ಪಲಿ ಬಿಟ್ಟೇ ಲಿಫ್ಟ್ ಹತ್ತಿದ. ಚಪ್ಪಲಿ ಇನ್ನೂ ನಮ್ಮ ಬಾಗಿಲಲ್ಲೇ ಇದೆ. ಕೋರ್ಟಿಗೆ ಹೋಗದಂತೆ ಏನು ಮಾಡಲಿ?

ಡೊಂಬಿವಲಿಯ ಹಳಬ:
ಒಂದು ಮಾತು, ಬೇಜಾರಾಗಬೇಡಿ. ಉಯಿಲು ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿಗೂ ಮಗಳಿಗೂ ಗಂಡುಮಕ್ಕಳಷ್ಟೇ ಪಾಲು. ಅಂದರೆ ನಿಮ್ಮ ಅತ್ತೆಗೂ ಪಾಲಿದೆ, ನಿಮ್ಮ ಹೆಂಡತಿಗೂ ಇದೆ. ಮತ್ತೆ ನೀವು ನಡುವಿನವರು ಹೇಗಾದೀರಿ? ಅವರಿಬ್ಬರಿಗೂ ಇದು ಗೊತ್ತಿರುತ್ತದೆ, ಬಾಯಿಬಿಟ್ಟು ಹೇಳಿರುವುದಿಲ್ಲ ಅಷ್ಟೇ. ಪಾಲಿಲ್ಲದ, ಎಲ್ಲರೂ ಒಪ್ಪುವ ಒಬ್ಬರನ್ನು ಹುಡುಕಿ.

ಆ ಹಿರಿಯರು ಮೊದಲು ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಕೇಳಲಿ. ಅಲ್ಲಿ ಕೇಳಿದ್ದನ್ನು ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳಬಾರದು. ಕಲ್ಯಾಣದಲ್ಲಿ ಒಂದು ಬೇಕರಿ ಜಗಳಕ್ಕೆ ನಾನು ಕೂತಿದ್ದೆ. ಅರ್ಧ ಪಾಲು ಈಗಲೇ ಬೇಕು ಎಂದು ಹಠ ಹಿಡಿದಿದ್ದ ತಮ್ಮ, ಒಬ್ಬನೇ ಸಿಕ್ಕಾಗ ಅತ್ತುಬಿಟ್ಟ. 'ರಾತ್ರಿ ದುಡ್ಡು ಎಣಿಸುವಾಗ ಅಣ್ಣ ನನ್ನನ್ನು ಹೊರಗೆ ಕಳಿಸ್ತಾನೆ' ಅಂದ. ಅವನನ್ನು ಕೇಳಿಯೇ ಅಣ್ಣನ ಹತ್ತಿರ ಮಾತೆತ್ತಿದೆ. ಪಾಲಿನ ವಿಷಯ ಬದಿಗಿಟ್ಟು, ಹದಿನೈದು ದಿನ ಇಬ್ಬರೂ ಒಟ್ಟಿಗೆ ಎಣಿಸಿ ಒಂದೇ ಪುಸ್ತಕಕ್ಕೆ ಸಹಿ ಹಾಕಿದರು. ಆಮೇಲೆ ಪಾಲಿನ ಮಾತು ನಾಲ್ಕೇ ಸಲದಲ್ಲಿ ಮುಗಿಯಿತು.

ಠಾಣೆಯ ವಕೀಲೆ:
ಒಪ್ಪಂದ ಆದ ಮೇಲೆ ಸುಮ್ನೆ ಬಿಳಿ ಹಾಳೆಯಲ್ಲಿ ಬರೆದು ಬಿಡಬೇಡಿ. ಕೇಸು ಹಾಕದೆಯೂ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್‌ಗೆ ಹೋಗಬಹುದು, ಶುಲ್ಕ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಅಲ್ಲಿನ ತೀರ್ಮಾನ ಸಿವಿಲ್ ಕೋರ್ಟಿನ ಡಿಕ್ರಿಗೆ, ಅಂದರೆ ತೀರ್ಪಿನ ಆದೇಶಕ್ಕೆ ಸಮ. ಅದರ ಮೇಲೆ ಅಪೀಲು ಇಲ್ಲ. ಅದಕ್ಕೇ ಸಹಿಗೆ ಮೊದಲು ಅತ್ತೆಗೆ ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿ. ಅಣ್ಣ ತೀರಿಸಿದ ಸಾಲದ ರಸೀದಿಗಳನ್ನೂ ಮೇಜಿನ ಮೇಲೆ ಇಡಿಸಿ. ಅವನ ಮಾತೂ ಸುಳ್ಳಿರಲಿಕ್ಕಿಲ್ಲ, ಅಲ್ವಾ?

ಚೆಂಬೂರಿನವ:
ನಿನ್ನೆ ರಾತ್ರಿ ಹೆಂಡತಿಯನ್ನು ಕೇಳಿದೆ. 'ಇಷ್ಟು ದಿನ ನನ್ನನ್ನು ಯಾರೂ ಕೇಳಲೇ ಇಲ್ಲವಲ್ಲ' ಅಂದಳು. ಅತ್ತೆ ಹೋಟೆಲಿನ ಹಳೆಯ ಮ್ಯಾನೇಜರ ಹೆಸರು ಹೇಳಿದರು. ಅವರ ಮುಂದೆ ಇಬ್ಬರೂ ದನಿ ಏರಿಸಿದ್ದಿಲ್ಲವಂತೆ. ಈಗ ಕುಂದಾಪುರದಲ್ಲಿದ್ದಾರೆ, ಬರುತ್ತೇನೆ ಅಂದಿದ್ದಾರೆ. ಮತ್ಸ್ಯಗಂಧಾ ರೈಲಿಗೆ ಅವರ ಟಿಕೆಟ್ ನೋಡುತ್ತಿದ್ದೇನೆ.