ಎಫ್‌ಎಬಿಪಿ3 ಪ್ರೋಟೀನ್: ಬ್ಲಾಂಕ್ ಕೂಡ ಯಾಕೆ ಹೊಳೆಯುತ್ತದೆ?

ಪ್ರಶ್ನೆ, ಮಡಿಕೇರಿಯ ಎಂಎಸ್ಸಿ ವಿದ್ಯಾರ್ಥಿನಿ:
ನಮಸ್ತೆ ಮೇಡಂ. ಪ್ರಾಜೆಕ್ಟ್‌ಗೆ ರಿಕಾಂಬಿನೆಂಟ್ (ಲ್ಯಾಬ್‌ನಲ್ಲಿ ಬೇರೆ ಜೀವಕೋಶಕ್ಕೆ ಜೀನ್ ಹಾಕಿ ತಯಾರಿಸಿದ) ಮಾನವ ಎಫ್‌ಎಬಿಪಿ3 ತರಿಸಿದ್ದೇವೆ, 100 ಮೈಕ್ರೋಗ್ರಾಂ ಒಣ ಪುಡಿ. ಹೃದಯದ ಸ್ನಾಯುವಿನಲ್ಲಿ ಫ್ಯಾಟಿ ಆಸಿಡ್ ಹಿಡಿದುಕೊಳ್ಳುವ ಪ್ರೋಟೀನ್ ಇದು. ಒಲಿಯಿಕ್ ಆಸಿಡ್ ಅನ್ನುವ ಫ್ಯಾಟಿ ಆಸಿಡ್ ಇದಕ್ಕೆ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಅಂತ ನೋಡಬೇಕು. ಜೊತೆಗೆ ಬಂದ ಹಾಳೆಯಲ್ಲಿ ಇದ್ದಂತೆ 0.1% ಬಿಎಸ್‌ಎ (ಹಸುವಿನ ರಕ್ತದ ಒಂದು ಪ್ರೋಟೀನ್) ಇರುವ 1 ಎಂಎಲ್ ಬಫರ್‌ನಲ್ಲಿ ಕರಗಿಸಿದೆ. ಎಎನ್‌ಎಸ್ ಅಂದರೆ ಪ್ರೋಟೀನಿಗೆ ಅಂಟಿದಾಗ ಹೊಳೆಯುವ ಬಣ್ಣ; ಒಲಿಯಿಕ್ ಆಸಿಡ್ ಅದರ ಜಾಗ ಹಿಡಿದರೆ ಹೊಳಪು ಇಳಿಯಬೇಕು. ಅದನ್ನು ಹಾಕಿದರೆ ಚೆನ್ನಾಗಿ ಹೊಳೆಯುತ್ತದೆ. ಆದರೆ ಎಫ್‌ಎಬಿಪಿ ಇಲ್ಲದ ಬ್ಲಾಂಕ್ ಕೂಡ ಹೆಚ್ಚುಕಮ್ಮಿ ಅಷ್ಟೇ ಹೊಳೆಯುತ್ತದೆ. ಪ್ರೋಟೀನ್ ಕೆಟ್ಟಿದೆಯಾ?

ಉತ್ತರ:
ಪ್ರೋಟೀನ್ ಮೇಲೆ ಅನುಮಾನ ಬೇಡಮ್ಮ. ಹೊಳೆಯುತ್ತಿರುವುದು ಬಿಎಸ್‌ಎ. ಅದು ಆಲ್ಬುಮಿನ್. ರಕ್ತದಲ್ಲಿ ಫ್ಯಾಟಿ ಆಸಿಡ್ ಹೊತ್ತು ತಿರುಗುವುದೇ ಅದರ ಕೆಲಸ, ಎಎನ್‌ಎಸ್ ಕೂಡ ಅದಕ್ಕೆ ಅಂಟುತ್ತದೆ. ಲೆಕ್ಕ ಹಾಕಿ ನೋಡಿ: 0.1% ಅಂದರೆ ಎಂಎಲ್‌ಗೆ 1 ಮಿಲಿಗ್ರಾಂ, ಸುಮಾರು 15 ಮೈಕ್ರೋಮೋಲಾರ್ (ದ್ರಾವಣದಲ್ಲಿ ಎಷ್ಟು ಅಣು ಇದೆ ಅನ್ನುವ ಅಳತೆ). ನಿಮ್ಮ ಎಫ್‌ಎಬಿಪಿ3 ಸುಮಾರು 15 ಕಿಲೋಡಾಲ್ಟನ್‌ನ ಪುಟ್ಟ ಪ್ರೋಟೀನ್, ಟ್ಯೂಬಿನಲ್ಲಿ ಇರುವುದು 7 ಮೈಕ್ರೋಮೋಲಾರ್‌ಗಿಂತ ಕಡಿಮೆ. ಅದು ಒಂದು ಫ್ಯಾಟಿ ಆಸಿಡ್ ಹಿಡಿದರೆ ಆಲ್ಬುಮಿನ್ ಏಳರವರೆಗೆ ಹಿಡಿಯಬಲ್ಲದು. ಒಲಿಯಿಕ್ ಆಸಿಡ್ ಯಾರ ಪಾಲಾಗುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ಹಾಳೆಯಲ್ಲಿ ಬರೆದದ್ದು ತಪ್ಪೇನಲ್ಲ. ತೆಳುವಾದ ಪ್ರೋಟೀನ್ ಟ್ಯೂಬಿನ ಗೋಡೆಗೆ ಅಂಟಿ ನಷ್ಟವಾಗದಿರಲಿ ಅಂತ ಬಿಎಸ್‌ಎ ಹಾಕುತ್ತಾರೆ. ಎಲೈಸಾ, ವೆಸ್ಟರ್ನ್ ಬ್ಲಾಟ್‌ನಂಥ, ಆಂಟಿಬಾಡಿಯಿಂದ ಪ್ರೋಟೀನ್ ಗುರುತಿಸುವ ಟೆಸ್ಟ್‌ಗಳಿಗೆ ಅದು ಒಳ್ಳೆಯದೇ. ಬೈಂಡಿಂಗ್, ಅಂದರೆ ಅಂಟುವಿಕೆ ನೋಡುವವರಿಗೆ ಮಾತ್ರ ಆಗದು.

ಪ್ರಶ್ನೆ, ಅದೇ ವಿದ್ಯಾರ್ಥಿನಿ:
ಹಾಗಾದರೆ ಇದನ್ನು ಚೆಲ್ಲಬೇಕಾ ಮೇಡಂ? ಇನ್ನೊಂದು ವಯಲ್ ಇದೆ, ಬಿಎಸ್‌ಎ ಬಿಟ್ಟು ಮಾಡಿದರೆ ಸಾಕಾ?

ಉತ್ತರ:
ಚೆಲ್ಲಬೇಡಿ. ಪ್ರೋಟೀನಿಗೆ ಹಿಸ್ ಟ್ಯಾಗ್ (ನಿಕಲ್‌ಗೆ ಅಂಟುವ, ಸೇರಿಸಿದ ಪುಟ್ಟ ಬಾಲ) ಇದ್ದರೆ ನಿಕಲ್ ಬೀಡ್ಸ್ ಎಫ್‌ಎಬಿಪಿಯನ್ನು ಹಿಡಿದುಕೊಳ್ಳುತ್ತದೆ, ಬಿಎಸ್‌ಎ ಬಹುಪಾಲು ತೊಳೆದು ಹೋಗುತ್ತದೆ. ಟ್ಯಾಗ್ ಇಲ್ಲದಿದ್ದರೆ ಬ್ಲಾಟ್‌ಗೆ ಇಟ್ಟುಕೊಳ್ಳಿ.

ಹೊಸ ವಯಲ್‌ನಲ್ಲಿ ಇನ್ನೊಂದು ವಿಷಯ ಇದೆ. ಇದು ಇ. ಕೋಲಿಯಲ್ಲಿ ತಯಾರಾದದ್ದಾದರೆ, ಆ ಬ್ಯಾಕ್ಟೀರಿಯಾದ ಫ್ಯಾಟಿ ಆಸಿಡ್ ಮೊದಲೇ ಪ್ರೋಟೀನ್ ಒಳಗೆ ಕೂತಿರಬಹುದು. ಆಗ ಎಎನ್‌ಎಸ್‌ಗೆ ಜಾಗವೇ ಇರುವುದಿಲ್ಲ, ಹೊಳಪು ಶುರುವಿನಿಂದಲೇ ಕಡಿಮೆ. ಲಿಪಿಡ್ (ಕೊಬ್ಬಿನ ಅಂಶ) ತೆಗೆದ ಮಾಲೇ ಅಂತ ಕಂಪನಿಯವರನ್ನು ಕೇಳಿ. ಅಲ್ಲದಿದ್ದರೆ 37 ಡಿಗ್ರಿಯಲ್ಲಿ ಫ್ಯಾಟಿ ಆಸಿಡ್ ಹೀರಿಕೊಳ್ಳುವ ಲಿಪಿಡೆಕ್ಸ್ ಕಾಲಂ ಮೂಲಕ ಹಾಯಿಸಬೇಕು. ಸುಮ್ನೆ ಅಳೆದರೆ ಬರುವ ಅಂಕಿಗೆ ಅರ್ಥ ಇರುವುದಿಲ್ಲ.

ಮತ್ತೆ, ಫ್ರೀಜರ್‌ನಿಂದ ತೆಗೆದ ಕೂಡಲೇ ಮುಚ್ಚಳ ಬಿಚ್ಚಬೇಡಿ. ನಮ್ಮ ಮಳೆಗಾಲದಲ್ಲಿ ಒಣ ಕಾಫಿ ಬೀಜ ಶೀತ ಎಳೆಯುವ ಹಾಗೆ ಈ ಪುಡಿಯೂ ಎಳೆಯುತ್ತದೆ. ವಯಲ್ ರೂಮಿನ ಬಿಸಿಗೆ ಬರಲಿ, ಒಂದು ಸುತ್ತು ಸ್ಪಿನ್ ಮಾಡಿ, ಆಮೇಲೆ ತೆರೆಯಿರಿ. ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಅಲುಗಿಸುವುದು ಬೇಡ, ನೊರೆ ಬರುತ್ತದೆ. ಕರಗಿಸಿದ್ದನ್ನು ಒಂದೊಂದು ಸಲಕ್ಕೆ ಬೇಕಾದಷ್ಟೇ ಚಿಕ್ಕ ಟ್ಯೂಬ್‌ಗಳಿಗೆ ಹಂಚಿ ಮೈನಸ್ 80ರಲ್ಲಿ ಇಡಿ. ಜುಲೈನಲ್ಲಿ ಕರೆಂಟ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು, ಫ್ರೀಜರ್‌ಗೆ ಬ್ಯಾಕಪ್ ಇದೆಯಾ ನೋಡಿಕೊಳ್ಳಿ.

ಪ್ರಶ್ನೆ, ಸೋಮವಾರಪೇಟೆಯ ಬೆಳೆಗಾರರು:
ಎಫ್‌ಎಬಿಪಿ ಅಂದರೆ ಹಾರ್ಟ್ ಅಟ್ಯಾಕ್ ಬೇಗ ಹಿಡಿಯುವ ಟೆಸ್ಟ್ ಅಲ್ವಾ ಮೇಡಂ? ತಂದೆಯವರಿಗೆ ಸ್ಟೆಂಟ್ ಹಾಕಿದೆ. ಇದನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದಾ?

ಉತ್ತರ:
ಈ ವಯಲ್ ಲ್ಯಾಬ್ ಸಂಶೋಧನೆಗೆ ಮಾತ್ರ ಸರ್, ಇದರಿಂದ ರೋಗ ಪತ್ತೆ ಆಗುವುದಿಲ್ಲ. ನೀವು ಕೇಳಿದ ಮಾತು ನಿಜ. ಹೃದಯದ ಸ್ನಾಯುವಿಗೆ ಪೆಟ್ಟಾದರೆ ಎಫ್‌ಎಬಿಪಿ3 ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಸೋರುತ್ತದೆ, ಸುಮಾರು ಒಂದು ದಿನದಲ್ಲಿ ಇಳಿಯುತ್ತದೆ. ಆದರೆ ಕೈಕಾಲಿನ ಸ್ನಾಯುವಿನಲ್ಲೂ ಅದು ಇರುತ್ತದೆ, ಕಿಡ್ನಿ ತೊಂದರೆ ಇದ್ದರೂ ಏರುತ್ತದೆ. ಅದಕ್ಕೇ ಆಸ್ಪತ್ರೆಯಲ್ಲಿ ಇಸಿಜಿ, ಟ್ರೋಪೊನಿನ್ (ಹೃದಯಕ್ಕೆ ಪೆಟ್ಟಾದಾಗ ರಕ್ತಕ್ಕೆ ಬರುವ ಇನ್ನೊಂದು ಪ್ರೋಟೀನ್) ನೋಡುತ್ತಾರೆ. ತಂದೆಯವರಿಗೆ ಎದೆ ನೋವು, ಬೆವರು, ಉಸಿರು ಕಟ್ಟಿದ ಹಾಗೆ ಆದರೆ ಯಾವ ಟೆಸ್ಟಿಗೂ ಕಾಯಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.