ಲ್ಯಾಟಿನೊ ಅಂಡರ್‌ಗ್ರ್ಯಾಡ್‌ಗಳಿಗೆ ಮೆಂಟರ್: ಮೊದಲ ಸೆಮಿಸ್ಟರ್ ಹೇಗೆ ನಡೆಸಬೇಕು? (ರೇಂಜ್ ಸೈನ್ಸ್, ನ್ಯೂ ಮೆಕ್ಸಿಕೊ)

ಹುಲ್ಲುಗಾವಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ದಕ್ಷಿಣ ನ್ಯೂ ಮೆಕ್ಸಿಕೊದಲ್ಲಿ ರೇಂಜ್ ಸೈನ್ಸ್ (ಮೇವಿನ ಬಯಲುಗಳ ವಿಜ್ಞಾನ) ಪಿಎಚ್‌ಡಿ ಮಾಡುತ್ತಿದ್ದೇನೆ, ಎಫ್-1 ಅಂದರೆ ವಿದ್ಯಾರ್ಥಿ ವೀಸಾ. ಮುಂದಿನ ಸೆಮಿಸ್ಟರ್‌ನಿಂದ ಇಬ್ಬರು ಅಂಡರ್‌ಗ್ರ್ಯಾಡ್‌ಗಳಿಗೆ (ಪದವಿ ವಿದ್ಯಾರ್ಥಿಗಳಿಗೆ) ನಾನು ಮೆಂಟರ್, ಅಂದರೆ ಮಾರ್ಗದರ್ಶಿ. ಇಬ್ಬರೂ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದವರು), ಅವರವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ವಾರಕ್ಕೆ 8 ಗಂಟೆಯಂತೆ 15 ವಾರ. ಕೆಲಸ ಎಂದರೆ ಲೈನ್-ಪಾಯಿಂಟ್ ಇಂಟರ್ಸೆಪ್ಟ್ (ಟೇಪು ಹಾಸಿ, ಗೊತ್ತಾದ ಅಂತರಕ್ಕೊಂದು ಪಿನ್ ಇಳಿಸಿ, ಅದಕ್ಕೆ ಯಾವ ಗಿಡ ತಾಗಿತು ಎಂದು ಬರೆದು ಹಸಿರು ಹೊದಿಕೆ ಅಳೆಯುವುದು) ಮತ್ತು ಮಣ್ಣಿನ ಹೆಂಟೆ ನೀರಿನಲ್ಲಿ ಎಷ್ಟು ಹೊತ್ತು ಗಟ್ಟಿಯಾಗಿ ನಿಲ್ಲುತ್ತದೆ ಎಂಬ ಪರೀಕ್ಷೆ.

ಮೊದಲ ಕೆಲವು ವಾರ ಏನು ಮಾಡಿಸಲಿ? ಮನೆ, ದುಡ್ಡು, ಭಾಷೆ ಇವನ್ನೆಲ್ಲ ಎಷ್ಟರ ಮಟ್ಟಿಗೆ ಕೇಳಬಹುದು? ಬೇಸಿಗೆ ಇಂಟರ್ನ್‌ಶಿಪ್‌ಗಳ ಬಗ್ಗೆಯೂ ತಿಳಿದವರು ಹೇಳಿ.

---

ಕೆಮ್ಮಣ್ಣು ಉತ್ತರ:

ಮೊದಲ ವಾರವೇ ಫೀಲ್ಡಿಗೆ ಕರೆದುಕೊಂಡು ಹೋಗಬೇಡಿ. ಕೂತು ಒಂದು ಪುಟದ ಒಪ್ಪಂದ ಬರೆಯಿರಿ, ಮೂವರೂ ಸೇರಿ. ವಾರಕ್ಕೆ ಎಷ್ಟು ಗಂಟೆ, ಅದಕ್ಕೆ ಸಂಬಳವೋ ಕ್ರೆಡಿಟ್ಟೋ, ಪರೀಕ್ಷೆಯ ವಾರ ರಜೆಯೇ, ಮೆಸೇಜಿಗೆ ಎಷ್ಟು ಹೊತ್ತಿನೊಳಗೆ ಉತ್ತರ ಕೊಡಬೇಕು (ಇದು ನಿಮಗೂ ಅನ್ವಯ), ಎಷ್ಟು ಕೆಲಸಕ್ಕೆ ಪೇಪರಿನಲ್ಲಿ ಲೇಖಕರಾಗಿ ಹೆಸರು, ಎಷ್ಟಕ್ಕೆ ಬರೀ ಕೃತಜ್ಞತೆಯ ಸಾಲು. ಮನೆಯಲ್ಲಿ ಇದನ್ನೆಲ್ಲ ಹೇಳಿಕೊಡುವವರು ಇಲ್ಲದ ಹುಡುಗರಿಗೆ ಇಂಥ ಅಲಿಖಿತ ನಿಯಮ ಊಹಿಸುವುದೇ ದೊಡ್ಡ ಹೊರೆ. ಪಾಠ ಕಷ್ಟವಾಗಿ ಬಿಡುವವರಷ್ಟೇ ಅಲ್ಲ, ‘ಇದನ್ನು ಕೇಳಬಹುದೋ ಇಲ್ಲವೋ’ ಎಂದು ಸುಮ್ಮನಿದ್ದು ಬಿಟ್ಟುಹೋಗುವವರೂ ಇದ್ದಾರೆ. 8ನೇ ವಾರ ಆ ಪುಟವನ್ನು ಮತ್ತೆ ತೆಗೆದು ಓದಿ, ತಿದ್ದಿ.

2ನೇ ವಾರ ಕ್ಯಾಂಪಸ್ಸಿನ ಹುಲ್ಲುಹಾಸಿನಲ್ಲೇ ಲೈನ್-ಪಾಯಿಂಟ್ ಅಭ್ಯಾಸ. 25 ಮೀಟರ್ ಟೇಪು, 50 ಸೆಂಟಿಮೀಟರಿಗೊಂದು ಪಿನ್, ಒಂದು ಸಾಲಿಗೆ 50 ಬಿಂದು. ಪ್ಲಾಟಿಗೆ ಮೂರು ಸಾಲು, ಒಟ್ಟು 150. ಒಂದೇ ಸಾಲನ್ನು ಇಬ್ಬರೂ ಬೇರೆ ಬೇರೆ ಓದಲಿ, ನೀವೂ ಓದಿ. ಹಸಿರು ಹೊದಿಕೆಯ ಲೆಕ್ಕದಲ್ಲಿ ಶೇ. 10ಕ್ಕಿಂತ ಹೆಚ್ಚು ಅಂತರ ಬಂದರೆ ಆ ಸಾಲನ್ನು ಮತ್ತೆ ಮಾಡಿ. ತಪ್ಪು ಹುಟ್ಟುವ ಜಾಗಗಳು ಇವು: ಟೇಪು ಮೆಸ್ಕೀಟ್ ಪೊದೆಯ ಮೇಲೆ ಏರಿ ಇಳಿಯುತ್ತದೆ (ಬುಡದಲ್ಲಿ ತೂರಿಸಿ ಬಿಗಿಯಾಗಿ ಎಳೆಯಬೇಕು), ಗಾಳಿಗೆ ಟೇಪು ಅಲ್ಲಾಡುತ್ತದೆ, ಗಿಡ ಸಿಗಲಿ ಎಂಬ ಆಸೆಗೆ ಪಿನ್ನನ್ನು ಗೊತ್ತಿಲ್ಲದಂತೆ ಆ ಕಡೆ ವಾಲಿಸುತ್ತಾರೆ, ಟೇಪಿನ ಎರಡೂ ಕಡೆ ಓಡಾಡಿ ಹುಲ್ಲು ತುಳಿಯುತ್ತಾರೆ. ನಡೆಯುವ ಬದಿ, ಓದುವ ಬದಿ ಮೊದಲೇ ಗೊತ್ತುಮಾಡಿ.

ಮಣ್ಣಿನ ಪರೀಕ್ಷೆಗೆ 18 ಹೆಂಟೆ, ಒಂದೊಂದೂ 6ರಿಂದ 8 ಮಿಲಿಮೀಟರ್, ಪೂರ್ತಿ ಒಣಗಿರಬೇಕು. ಮಳೆಯ ಮಾರನೇ ದಿನ ತೆಗೆದ ಹಸಿ ಹೆಂಟೆಯನ್ನು ಹಾಗೇ ನೀರಿಗೆ ಹಾಕಿದರೆ ಆ ದಿನದ ಅಂಕಿ ನಂಬುವಂತಿಲ್ಲ. ಒಂದೊಂದನ್ನೂ ಸಣ್ಣ ಜರಡಿಯಲ್ಲಿಟ್ಟು 15 ಸೆಕೆಂಡಿಗೊಂದರಂತೆ ನೀರಿಗೆ ಇಳಿಸಿ, 5 ನಿಮಿಷ ಬಿಟ್ಟು, ಜರಡಿಯನ್ನು ಐದು ಸಲ ಎತ್ತಿ ಮುಳುಗಿಸಿ 1ರಿಂದ 6ರ ಅಂಕ (ಹೆಚ್ಚು ಅಂಕ ಎಂದರೆ ಹೆಚ್ಚು ಗಟ್ಟಿ). ಹೊಸಬರು ಎಡವುವುದು ಸಮಯದಲ್ಲಿ, ಅದಕ್ಕೆ ಒಬ್ಬರು ಗಡಿಯಾರ ಕೂಗಲಿ, ಇನ್ನೊಬ್ಬರು ಕೈ ಆಡಿಸಲಿ, ನಂತರ ಅದಲುಬದಲು.

‘ಅರ್ಥ ಆಯ್ತಾ?’ ಎಂದು ಕೇಳಲೇಬೇಡಿ. ದೊಡ್ಡವರಿಗೆ ಎದುರಾಡಬಾರದು ಎಂದು ಬೆಳೆದ ಮಕ್ಕಳು ನಮ್ಮಲ್ಲಿ ‘ಹ್ಞೂಂ ಸರ್’ ಅನ್ನುವಂತೆ ಅಲ್ಲೂ ಹೌದು ಅನ್ನುತ್ತಾರೆ. ‘ಈಗ ನೀನು ನನಗೆ ಮಾಡಿ ತೋರಿಸು’ ಅನ್ನಿ. 5ನೇ ವಾರದ ಹೊತ್ತಿಗೆ ಇಬ್ಬರಿಗೂ ಒಂದೊಂದು ಸಣ್ಣ ಪ್ರಶ್ನೆ ಸ್ವಂತದ್ದಾಗಿ ಕೊಡಿ, ಪೊದೆಯ ಕೆಳಗಿನ ಮಣ್ಣಿಗೂ ಬಯಲಿನ ಮಣ್ಣಿಗೂ ಅಂಕದಲ್ಲಿ ಎಷ್ಟು ವ್ಯತ್ಯಾಸ ಎಂಬಂಥದ್ದು. 15 ವಾರವೂ ಬರೀ ಟೇಪು ಹಿಡಿಸಿದರೆ ಅದು ಕೂಲಿ, ಮೆಂಟರಿಂಗ್ ಅಲ್ಲ.

---

ನೀರುಗಂಟಿ ಉತ್ತರ:

ಮೇಲಿನ ಕೊನೆಯ ಮಾತಿನಿಂದಲೇ ಮುಂದುವರಿಸುತ್ತೇನೆ. ಆ ಕಡೆ ಮೆಣಸಿನಕಾಯಿ, ಈರುಳ್ಳಿ ಹೊಲಗಳಲ್ಲಿ ದುಡಿದ ಅಪ್ಪ-ಅಮ್ಮಂದಿರು ಬಹಳ. ‘ಬಿಸಿಲು ಬೇಡ ಎಂದು ಓದಿಸಿದರೆ ಮತ್ತೆ ಬಿಸಿಲಿಗೇ ಹೋಗುತ್ತೀಯಾ’ ಎಂಬ ಮಾತು ಅಲ್ಲಿಯ ಮನೆಗಳಲ್ಲೂ ಬರುತ್ತದೆ. ನಮ್ಮ ಕೃಷಿ ಕಾಲೇಜು ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಈ ಓದಿಗೆ ಯಾವ ಹುದ್ದೆ, ಯಾವ ಕಚೇರಿ, ಎಷ್ಟು ಸಂಬಳ ಎಂಬುದನ್ನು ವಿದ್ಯಾರ್ಥಿ ಮನೆಯಲ್ಲಿ ವಿವರಿಸುವಷ್ಟು ಸ್ಪಷ್ಟವಾಗಿ ಹೇಳಿ. ಪೋಸ್ಟರ್ ದಿನಕ್ಕೆ (ವಿದ್ಯಾರ್ಥಿಗಳು ತಮ್ಮ ಸಂಶೋಧನೆಯನ್ನು ದೊಡ್ಡ ಹಾಳೆಯಲ್ಲಿ ಹಾಕಿ ತೋರಿಸುವ ದಿನ) ಮನೆಯವರನ್ನೂ ಕರೆಯಿರಿ. ಸಾಧ್ಯವಾದರೆ ಪೋಸ್ಟರಿನ ಸಾರಾಂಶ ಸ್ಪ್ಯಾನಿಷ್‌ನಲ್ಲೂ ಇರಲಿ. ಆದರೆ ವಿದ್ಯಾರ್ಥಿಯ ಅಂಕ, ಹಾಜರಿಯ ವಿಷಯ ಅವರ ಒಪ್ಪಿಗೆಯಿಲ್ಲದೆ ಅಪ್ಪ-ಅಮ್ಮನ ಜೊತೆ ಮಾತಾಡುವಂತಿಲ್ಲ. ವಿದ್ಯಾರ್ಥಿ ದಾಖಲೆಗಳ ಗೋಪ್ಯತೆಗಾಗಿ ಇರುವ 1974ರ ಫರ್ಪಾ ಕಾನೂನಿನ ಪ್ರಕಾರ ಕಾಲೇಜಿನಲ್ಲಿ ಆ ದಾಖಲೆಯ ಹಕ್ಕು ವಿದ್ಯಾರ್ಥಿಯದು.

‘ಯಾವ ದೇಶದವರು?’ ಎಂದು ಶುರುಮಾಡಬೇಡಿ. 1848ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದಕ್ಕೂ (ಆ ನೆಲ ಮೆಕ್ಸಿಕೊದಿಂದ ಅಮೆರಿಕದ ಕೈಗೆ ಬಂದದ್ದು ಅದರಿಂದ) ಮೊದಲೇ ನ್ಯೂ ಮೆಕ್ಸಿಕೊದಲ್ಲಿ ನೆಲೆಸಿದ್ದ ಮನೆತನಗಳಿವೆ, ಗಡಿ ಅವರನ್ನು ದಾಟಿತು. ಪೋರ್ಟೊ ರಿಕೊದವರು ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು. ಸ್ಪ್ಯಾನಿಷ್ ಬಾರದವರೂ ಇದ್ದಾರೆ, ಅದು ಕೆಲವರಿಗೆ ನೋವಿನ ವಿಷಯ. ಹೆಸರಿನಲ್ಲಿ ಎರಡು ಮನೆತನದ ಹೆಸರಿದ್ದರೆ ಸಾಮಾನ್ಯವಾಗಿ ಮೊದಲನೆಯದು ತಂದೆಯ ಕಡೆಯದು, ಎರಡನೆಯದು ತಾಯಿಯ ಕಡೆಯದು. ಜರ್ನಲ್ ಫಾರಂಗಳು ಕೊನೆಯದನ್ನಷ್ಟೇ ಹಿಡಿದು ಮೊದಲನೆಯದನ್ನು ಮಧ್ಯದ ಹೆಸರು ಮಾಡಿಬಿಡುತ್ತವೆ. ಇನಿಶಿಯಲ್ ಇಟ್ಟುಕೊಂಡು ಬಂದ ನಮಗೆ ಈ ಗೋಳು ಗೊತ್ತು. ಮೊದಲ ಪೋಸ್ಟರಿಗೂ ಮುಂಚೆ ಅವರ ಹೆಸರು ಹೇಗೆ ಅಚ್ಚಾಗಬೇಕು ಎಂದು ಅವರನ್ನೇ ಕೇಳಿ, ಆರ್ಕಿಡ್ ಐಡಿ (ಸಂಶೋಧಕರ ಕಾಯಂ ಗುರುತಿನ ಸಂಖ್ಯೆ) ಮಾಡಿಸಿ.

ಇನ್ನೊಂದು, ನನಗೆ ಬಹಳ ಮುಖ್ಯ ಅನಿಸುವುದು. ಮರುಭೂಮಿಯ ನೆಲದ ಬಗ್ಗೆ ನೀವು ಇಂಗ್ಲಿಷ್ ಎಂದುಕೊಂಡು ಕಲಿತ ಶಬ್ದಗಳಲ್ಲಿ ಎಷ್ಟೋ ಸ್ಪ್ಯಾನಿಷ್: ಅರೊಯೊ (ಒಣಹಳ್ಳ), ಪ್ಲಾಯಾ (ಒಣಕೆರೆಯ ತಳ), ಬಹಾಡಾ (ಬೆಟ್ಟದ ಬುಡದ ಇಳಿಜಾರು), ಕಲೀಚೆ (ಸುಣ್ಣ ಗಟ್ಟಿಯಾದ ಪದರ), ಮೇಸಾ (ನೆತ್ತಿ ಚಪ್ಪಟೆಯಾದ ಗುಡ್ಡ). ನೀವು ಕ್ರಿಯೊಸೋಟ್ ಅನ್ನುವ ಗಿಡ ಮೆಕ್ಸಿಕೊದಲ್ಲಿ ‘ಗೊಬೆರ್ನದೋರಾ’, ಅಂದರೆ ಆಳುವವಳು. ಸುತ್ತಲಿನ ಗಿಡಗಳನ್ನು ಅದು ಹಿಂದೆ ತಳ್ಳುವುದನ್ನು ನೋಡಿದರೆ ಹೆಸರು ಎಷ್ಟು ಸರಿ ಎಂದು ತಿಳಿಯುತ್ತದೆ. ನೀರಾವರಿ ಕಾಲುವೆ ‘ಅಸೇಕಿಯಾ’, ಅದರ ಸರದಿ ನೋಡುವವ ‘ಮಯೊರ್ದೋಮೊ’, ಹೆಚ್ಚುಕಡಿಮೆ ನಮ್ಮ ಕೆರೆಯ ನೀರುಗಂಟಿ. ಅಂಥ ಮನೆಯಿಂದ ಬಂದ ವಿದ್ಯಾರ್ಥಿಗೆ ನೀರಿನ ಪಾಳಿ, ಹೂಳು, ಹಕ್ಕು ಎಲ್ಲ ಗೊತ್ತಿರುತ್ತದೆ. ಅದೂ ವಿಷಯಜ್ಞಾನ ಎಂದು ನೀವು ಹೇಳಬೇಕು. ಆದರೆ ಒಂದು ಎಚ್ಚರ: ರೈತರ ಸಂದರ್ಶನಕ್ಕೆ ಅವರನ್ನು ಪುಕ್ಕಟೆ ದುಭಾಷಿ ಮಾಡಿಕೊಳ್ಳಬೇಡಿ. ಅನುವಾದವೂ ಗಂಟೆ ಲೆಕ್ಕಕ್ಕೆ ಸೇರಬೇಕಾದ ಕೆಲಸ.

---

ಲೆಕ್ಕಪತ್ರ ಉತ್ತರ:

ದುಡ್ಡು ಮತ್ತು ಕಾಗದದ ವಿಷಯ ನಾನು ಹೇಳುತ್ತೇನೆ.

ವಲಸೆ ಸ್ಥಿತಿಯನ್ನು ಕೇಳಬೇಡಿ, ಯಾವ ಕಾರಣಕ್ಕೂ. ಬದಲಿಗೆ ಪ್ರತಿ ಅವಕಾಶದ ಪಕ್ಕ ಅರ್ಹತೆಯ ಸಾಲು ಬರೆದು ಇಬ್ಬರಿಗೂ ಒಂದೇ ಪಟ್ಟಿ ಕಳಿಸಿ, ಆಯ್ಕೆ ಅವರದು. ಎನ್‌ಎಸ್‌ಎಫ್‌ನ (ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ) ಆರ್‌ಇಯು ಎಂಬ, ಪದವಿ ವಿದ್ಯಾರ್ಥಿಗಳ ಬೇಸಿಗೆ ಸಂಶೋಧನಾ ಕಾರ್ಯಕ್ರಮಗಳ (ಹೆಚ್ಚಾಗಿ 10 ವಾರ) ಸ್ಟೈಪೆಂಡ್ ಅಮೆರಿಕದ ಪ್ರಜೆಗಳು ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಹಾಗಾಗಿ ಪಟ್ಟಿಯಲ್ಲಿ ವಿಭಾಗದ ಸ್ವಂತ ನಿಧಿ, ಖಾಸಗಿ ವಿದ್ಯಾರ್ಥಿವೇತನಗಳೂ ಇರಲಿ. ಅಮೆರಿಕದ ಕೇಂದ್ರ (ಫೆಡರಲ್) ಸರ್ಕಾರದ ಹಣದ ನಿಯಮ ವರ್ಷ ವರ್ಷಕ್ಕೆ ಬದಲಾಗುತ್ತದೆ, ಆ ವರ್ಷದ ಪ್ರಕಟಣೆಯನ್ನೇ ಓದಿ. ಸಕ್ನಾಸ್ (ವಿಜ್ಞಾನದಲ್ಲಿರುವ ಹಿಸ್ಪ್ಯಾನಿಕ್ ಮತ್ತು ಮೂಲನಿವಾಸಿಗಳ ಸಂಘ, 1973ರಿಂದ ಇದೆ) ಮತ್ತು ಮ್ಯಾನರ್ಸ್ (ಕೃಷಿ, ನೈಸರ್ಗಿಕ ಸಂಪನ್ಮೂಲ ವಿಷಯಗಳಲ್ಲಿರುವ ಅಲ್ಪಸಂಖ್ಯಾತರ ಸಂಘ), ಎರಡೂ ಸಂಘಗಳ ಸಮ್ಮೇಳನದಲ್ಲಿ ಅಂಡರ್‌ಗ್ರ್ಯಾಡ್‌ಗಳು ಪೋಸ್ಟರ್ ಹಾಕಬಹುದು.

ಫೀಲ್ಡ್ ದಾರಿ. ಲಾಸ್ ಕ್ರೂಸಸ್ ಊರಿನಿಂದ ಐ-25 ಹೆದ್ದಾರಿಯಲ್ಲಿ ಉತ್ತರಕ್ಕೆ, ಐ-10ರಲ್ಲಿ ಪಶ್ಚಿಮಕ್ಕೆ ಹೋಗುವಾಗ, ವೈಟ್ ಸ್ಯಾಂಡ್ಸ್ ಕಡೆಯಿಂದ ಯುಎಸ್-70ರಲ್ಲಿ ವಾಪಸ್ ಬರುವಾಗ ಬಾರ್ಡರ್ ಪ್ಯಾಟ್ರೋಲ್ (ಗಡಿ ಕಾವಲು ಪಡೆ) ತಪಾಸಣೆ ಸಿಗುತ್ತದೆ, ವಲಸೆ ಸ್ಥಿತಿ ಕೇಳುತ್ತಾರೆ. ಒಂದು ವಾರ ಮೊದಲೇ ನಕ್ಷೆ ಸಮೇತ ದಾರಿ ಎಲ್ಲರಿಗೂ ಕಳಿಸಿ, ‘ಫೀಲ್ಡ್ ಬದಲು ಲ್ಯಾಬ್ ಕೆಲಸ ಬೇಕಾದವರು ಕಾರಣ ಹೇಳಬೇಕಿಲ್ಲ’ ಎಂಬ ಸಾಲು ಸೇರಿಸಿ. ನೀವೂ ಪಾಸ್‌ಪೋರ್ಟ್, ಐ-94 (ದೇಶದೊಳಗೆ ಬಂದ ದಾಖಲೆ), ಐ-20 (ಎಫ್-1ಗೆ ಕಾಲೇಜು ಕೊಟ್ಟ ಪತ್ರ) ಮನೆಯಲ್ಲಿ ಬಿಟ್ಟು ಹೊರಡಬೇಡಿ.

ಬೂಟು, ಟೋಪಿ, ನೀರಿನ ಕ್ಯಾನು ಇವನ್ನು ‘ಕೊಂಡುಕೋ, ಆಮೇಲೆ ದುಡ್ಡು ಬರುತ್ತದೆ’ ಅನ್ನಬೇಡಿ. ಮರುಪಾವತಿಗೆ ವಾರಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ಬಾಡಿಗೆ ಕಟ್ಟುವ ದಿನ ಬಂದಿರುತ್ತದೆ. ವಿಭಾಗದ ಕಾರ್ಡಿನಲ್ಲೇ ಕೊಡಿಸಿ.

ನಿಮ್ಮದೇ ಒಂದು ವಿಷಯ: ಸೆಮಿಸ್ಟರ್ ನಡೆಯುವಾಗ ಎಫ್-1ಗೆ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆ ಮಿತಿ. ಅಸಿಸ್ಟೆಂಟ್‌ಶಿಪ್ (ವಿಭಾಗ ಸಂಬಳ ಕೊಟ್ಟು ಮಾಡಿಸುವ ಬೋಧನೆ ಅಥವಾ ಸಂಶೋಧನೆ ಕೆಲಸ) ಆಗಲೇ 20 ಇದ್ದರೆ ಮೆಂಟರಿಂಗ್‌ಗೆ ಬೇರೆ ಸಂಬಳ ಒಪ್ಪಿಕೊಳ್ಳುವ ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ.

---

ಹುಲ್ಲುಗಾವಲು:

ತುಂಬಾ ಉಪಕಾರವಾಯಿತು. ತಪಾಸಣೆಯ ವಿಷಯ ನನ್ನ ತಲೆಗೇ ಹೊಳೆದಿರಲಿಲ್ಲ. ಒಬ್ಬರಿಗೆ ಪದವಿ ಮುಗಿದ ಮೇಲೆ ಫೆಡರಲ್ ಕೆಲಸದ ಆಸೆ ಇದೆ, ವೈಲ್ಡ್‌ಲೈಫ್ ಅಥವಾ ರೇಂಜ್. ಈಗ 2ನೇ ವರ್ಷ. ಏನು ನೋಡಿಕೊಳ್ಳಬೇಕು?

---

ಕೆಮ್ಮಣ್ಣು:

ಕೋರ್ಸ್ ಪಟ್ಟಿ, ಇವತ್ತೇ. ಫೆಡರಲ್ ಹುದ್ದೆಗಳಲ್ಲಿ ಪದವಿಯ ಹೆಸರೊಂದೇ ಸಾಲದು, ವಿಷಯವಾರು ಕ್ರೆಡಿಟ್ ಎಣಿಸುತ್ತಾರೆ. ಕೆಳಗಿನ ‘ಸರಣಿ’ ಎಂದರೆ ಆ ಬಗೆಯ ಹುದ್ದೆಗೆ ಸರ್ಕಾರ ಕೊಟ್ಟ ಸಂಖ್ಯೆ.

ವೈಲ್ಡ್‌ಲೈಫ್ ಬಯಾಲಜಿ, ಸರಣಿ 0486: ವನ್ಯಜೀವಿ ವಿಷಯ 9, ಪ್ರಾಣಿಶಾಸ್ತ್ರ 12, ಸಸ್ಯಶಾಸ್ತ್ರ 9 ಸೆಮಿಸ್ಟರ್ ಕ್ರೆಡಿಟ್.
ರೇಂಜ್, ಸರಣಿ 0454: ಒಟ್ಟು 42. ಅದರಲ್ಲಿ ರೇಂಜ್ ನಿರ್ವಹಣೆ 18, ಸಸ್ಯ-ಪ್ರಾಣಿ-ಮಣ್ಣು 15, ಸಂಬಂಧಿಸಿದ ಸಂಪನ್ಮೂಲ ವಿಷಯ 9.
ಮಣ್ಣು ಸಂರಕ್ಷಣೆ, ಸರಣಿ 0457: ಒಟ್ಟು 30. ಮಣ್ಣು ಮತ್ತು ಬೆಳೆ ಸೇರಿ 12, ಎರಡರಲ್ಲೂ ಕನಿಷ್ಠ 3.

ಸಾಮಾನ್ಯವಾಗಿ ಕೈಕೊಡುವುದು ವೈಲ್ಡ್‌ಲೈಫ್‌ನ ಸಸ್ಯಶಾಸ್ತ್ರದ 9. ವೈಲ್ಡ್‌ಲೈಫ್ ಓದುವವರು ಸಸ್ಯದ ಕೋರ್ಸು ಒಂದೆರಡರಲ್ಲಿ ನಿಲ್ಲಿಸಿಬಿಡುತ್ತಾರೆ, ಕೊನೆಯ ವರ್ಷ ಗೊತ್ತಾದಾಗ ಸೀಟು ಇರುವುದಿಲ್ಲ. ಹಾಳೆಯಲ್ಲಿ ಸರಣಿಗೊಂದರಂತೆ ಮೂರು ಕಾಲಂ ಗೀಟು ಹಾಕಿ, ಮುಗಿದ ಕೋರ್ಸುಗಳನ್ನು ವಿದ್ಯಾರ್ಥಿಯೇ ತುಂಬಲಿ. ಖಾಲಿ ಉಳಿದ ಕಡೆಗೆ ಹುಲ್ಲು ಗುರುತಿಸುವ ಕೋರ್ಸು ಸೇರಿಸಿ, ಅದು 0454ಕ್ಕೂ ಬರುತ್ತದೆ. ಆಮೇಲೆ ಆ ಹಾಳೆ ಹಿಡಿದು ಅಕಾಡೆಮಿಕ್ ಅಡ್ವೈಸರ್ ಹತ್ತಿರ ಹೋಗಲಿ, ಮೊದಲ ಸಲ ನೀವೂ ಜೊತೆಗೆ ಹೋಗಿ.