ಮಲೆನಾಡು ಗಿಡ್ಡ ತಳಿ ದನ ಉಳಿಸ್ಕೊಳ್ಳೋದು ಹೇಗೆ? ಸುತ್ತಮುತ್ತ ಒಂದು ಹೋರಿನೂ ಇಲ್ಲ

ತುಂಗಾ ದಡದವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ಹತ್ರ, ಒಂದಿಷ್ಟು ಅಡಿಕೆ ತೋಟ, ಒಂದಿಷ್ಟು ಗದ್ದೆ. ಅಪ್ಪ ತೀರ್ಕೊಂಡು ಎಂಟು ತಿಂಗಳಾಯ್ತು, ಆಮೇಲೆ ನಾನು ಬೆಂಗಳೂರು ಬಿಟ್ಟು ಮನೆಗೆ ಬಂದೆ. ಕೊಟ್ಟಿಗೆಲಿ ಈಗ ಐದು ಗಿಡ್ಡ ಇದಾವೆ, ಮೂರು ದನ ಎರಡು ಮಣಕ, ಎಲ್ಲಾ ನಮ್ಮಜ್ಜನ ಕಾಲದ ದನದ್ದೇ ಸಂತಾನ. ಬೆಳಿಗ್ಗೆ ಹಗ್ಗ ಬಿಚ್ಚಿದ್ರೆ ಬೆಟ್ಟಕ್ಕೆ ಹೋಗಿ ಸಂಜೆ ತಾವೇ ಬರ್ತಾವೆ, ಬಂದಾಗ ಒಂದು ಬಾನಿ ಅಕ್ಕಚ್ಚು ಇಟ್ರೆ ಸಾಕು. ಹಾಲು ಅಂದ್ರೆ ಹೊತ್ತಿಗೆ ಒಂದು ಲೀಟರ್ ಆಚೀಚೆ. ಚರ್ಮಗಂಟು ರೋಗ ಬಂದ ವರ್ಷ ಅಕ್ಕಪಕ್ಕದ ಮನೆಯ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನೋ ವಿದೇಶಿ ತಳಿ) ದನಗಳು ಮಲಗಿಬಿಟ್ವು, ನಮ್ಮಲ್ಲಿ ಒಂದಕ್ಕೆ ನಾಲ್ಕು ಗಂಟು ಎದ್ದು ಇಳಿದು ಹೋಯ್ತು ಅಷ್ಟೇ.

ಸಮಸ್ಯೆ ಇರೋದು ಹೋರಿದು. ನಾನು ಸಣ್ಣವನಿದ್ದಾಗ ಊರಲ್ಲಿ ಮೂರು ನಾಲ್ಕು ಗಿಡ್ಡ ಹೋರಿ ಇದ್ವು, ದನ ಬೆಟ್ಟಕ್ಕೆ ಹೋದ್ರೆ ಗಬ್ಬ ಕಟ್ಕೊಂಡು ಬರ್ತಿತ್ತು, ಯಾರೂ ಅದರ ಬಗ್ಗೆ ಯೋಚನೆನೇ ಮಾಡ್ತಿರ್ಲಿಲ್ಲ. ಈಗ ಒಂದೂ ಇಲ್ಲ. ಹೋದ ವರ್ಷ ಮಳೆಗಾಲಕ್ಕೆ ಮುಂಚೆನೇ ಕೆಂಪಿ ಅನ್ನೋ ದನಕ್ಕೆ ಬೇರೆ ದಾರಿ ಇಲ್ದೆ ಗಬ್ಬ ಕಟ್ಸೋ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಹಾಕಿಸಿದ್ವಿ, ಅವತ್ತು ಸಿಕ್ಕಿದ್ದು ಜೆರ್ಸಿದು. ಕರು ಹಾಕೋ ದಿನ ರಾತ್ರಿ ಹನ್ನೊಂದಕ್ಕೆ ಶುರುವಾಗಿದ್ದು, ಮುಂಗಾಲು ಎರಡೂ ಹೊರಗೆ ಬಂತು ತಲೆ ಬರ್ಲಿಲ್ಲ, ಅಪ್ಪ ಕೈಗೆ ಕೊಬ್ರಿ ಎಣ್ಣೆ ಹಚ್ಕೊಂಡು ಒದ್ದಾಡಿದ್ರು, ಕರೆಂಟ್ ಬೇರೆ ಇರ್ಲಿಲ್ಲ. ಡಾಕ್ಟ್ರು ಬರೋ ಹೊತ್ತಿಗೆ ಕರುವಿನ ನಾಲಿಗೆ ನೀಲಿ ಆಗಿತ್ತು. ಬೆಳಗಾಗೋದ್ರೊಳಗೆ ಕೆಂಪಿನೂ ಹೋಯ್ತು. ಅವತ್ತಿಂದ ಅಪ್ಪ ಯಾವ ದನಕ್ಕೂ ಇಂಜೆಕ್ಷನ್ ಹಾಕ್ಸಿಲ್ಲ. ಆ ವರ್ಷದ ದೀಪಾವಳಿಗೆ ಗೋಪೂಜೆ ದಿನ ಅಡಿಕೆ ಸರ, ಚೆಂಡು ಹೂವು ಎಲ್ಲಾ ಕಟ್ಟಿ ಆರತಿ ಮಾಡಿ ಕಡುಬು ತಿನ್ಸಿ, "ಕರು ಇಲ್ಲದ ಕೊಟ್ಟಿಗೆಗೆ ಪೂಜೆ ಮಾಡೋ ಹಾಗಾಯ್ತಲ್ಲ" ಅಂದ್ರು. ಅದೇ ಅವರ ಕೊನೆ ಗೋಪೂಜೆ.

ಈಗ ನೆಂಟರೆಲ್ಲಾ ಗೋಶಾಲೆಗೆ ಕೊಟ್ಬಿಡು ಅಂತಿದಾರೆ. ಅಮ್ಮನಿಗೆ ಇಷ್ಟ ಇಲ್ಲ, ನಂಗೂ ಇಲ್ಲ. ಗೊತ್ತಿರೋರು ದಾರಿ ಹೇಳಿ.

ಕುಂದಾಪುರ ಕಡೆಯವ

ನಿಮ್ಮ ಬೇಜಾರು ಅರ್ಥ ಆಗ್ತದೆ ಮಾರಾಯ್ರೆ. ಆದ್ರೆ ನನ್ನ ಕೇಳಿದ್ರೆ ಗೋಶಾಲೆಗೆ ಕೊಡುದ್ರಲ್ಲಿ ತಪ್ಪಿಲ್ಲ. ನಿಮ್ಮ ಪಕ್ಕದ ಹೊಸನಗರದಲ್ಲೇ ರಾಮಚಂದ್ರಾಪುರ ಮಠ ಇದೆ, 2007ರ ಏಪ್ರಿಲ್‌ನಲ್ಲಿ ಅಲ್ಲಿ ವಿಶ್ವ ಗೋ ಸಮ್ಮೇಳನ ಆದಾಗ ನಾನು ಹೋಗಿದ್ದೆ, ದೇಶದ ಬೇರೆ ಬೇರೆ ತಳಿ ಒಂದೇ ಕಡೆ ನೋಡಿದ್ದು ಅದೇ ಮೊದಲು, ನಮ್ಮ ಗಿಡ್ಡಕ್ಕೂ ಒಂದು ಮರ್ಯಾದೆ ಇದೆ ಅಂತ ಗೊತ್ತಾದದ್ದೂ ಅಲ್ಲೇ. ನೋಡ್ಕೊಳ್ಳುವ ಜನ ಇದ್ದ ಕಡೆ ದನ ಇದ್ರೆ ಒಳ್ಳೇದಲ್ವಾ, ನಿಮ್ಮ ಅಮ್ಮನಿಗೂ ವಯಸ್ಸಾಯ್ತು.

ಶಿರಸಿ ಸೀಮೆಯವಳು

ಮೇಲಿನ ಅಣ್ಣ ಹೇಳಿದ್ದು ಕೆಟ್ಟ ಮಾತಲ್ಲ, ಮಠದ ಕೆಲಸದ ಬಗ್ಗೆ ನಂಗೂ ಗೌರವ ಇದೆ. ಆದ್ರೆ ತಮ್ಮಾ, ಕೊಡಬೇಡ. ಮುದಿಯಾದ ದನಕ್ಕೆ, ಯಾರೂ ಇಲ್ಲದ ದನಕ್ಕೆ ಗೋಶಾಲೆ ಬೇಕೇ ಬೇಕು, ನಿಂದು ಇನ್ನೂ ಕರು ಹಾಕೋ ದನ, ಬೆಟ್ಟ ಬಲ್ಲ ದನ. ಯಾವ ಹಳ್ಳ ದಾಟಬೇಕು ಯಾವ ಸೊಪ್ಪು ತಿನ್ನಬಾರದು ಅಂತ ತಾಯಿ ಹಿಂದೆ ಹೋಗಿ ಕರು ಕಲಿಯೋದು, ಕಟ್ಟಿ ಹಾಕಿದಲ್ಲಿ ಅದು ಬರೋದಿಲ್ಲ. ಇನ್ನು ನಮ್ಮ ತೋಟ ಅಂತೂ ಸೊಪ್ಪಿನ ಬೆಟ್ಟ ಮತ್ತೆ ಕೊಟ್ಟಿಗೆ ಗೊಬ್ಬರದ ಮೇಲೇ ನಿಂತಿದ್ದು, ದನ ಹೋದ ಮನೆಯಲ್ಲಿ ಎರಡೇ ವರ್ಷಕ್ಕೆ ತೋಟದ ಮಣ್ಣು ನೋಡಿದ್ರೆ ಗೊತ್ತಾಗ್ತದೆ.

ನಿಂಗೆ ಒಂದು ವಿಷಯ ಹೇಳಬೇಕು. ನಾವೆಲ್ಲಾ ಗೋಮಾತೆ ಗೋಮಾತೆ ಅಂತ ದನದ ಬಗ್ಗೆ ಮಾತಾಡಿ ಹೋರಿ ಮರೆತ್ವಿ, ನಮ್ಮ ಹಿರಿಯರು ಮರೆತಿರ್ಲಿಲ್ಲ. ಸತ್ತವರ ಹನ್ನೊಂದನೇ ದಿನ ವೃಷೋತ್ಸರ್ಗ ಅಂತ ಮಾಡಿಸ್ತಾರಲ್ಲ, ಅದು ಏನು ಅಂತ ನಮ್ಮ ಮಾವ ಹೋದಾಗ ಭಟ್ಟರನ್ನು ಕೂರಿಸ್ಕೊಂಡು ಕೇಳಿದೆ. ಸತ್ತವರ ಹೆಸರಲ್ಲಿ ಒಂದು ಹೋರಿ ಬಿಡೋದು, ಒಂದು ಪಕ್ಕಕ್ಕೆ ಚಕ್ರ ಇನ್ನೊಂದು ಪಕ್ಕಕ್ಕೆ ತ್ರಿಶೂಲದ ಗುರುತು ಹಾಕಿ, ಆಮೇಲೆ ಅದನ್ನು ಯಾರೂ ಹೂಡೋ ಹಾಗಿಲ್ಲ ಮಾರೋ ಹಾಗಿಲ್ಲ, ಊರ ಗದ್ದೆ ಮೇಯ್ದ್ರೂ ಹೊಡೆಯೋ ಹಾಗಿಲ್ಲ. ವಿಷ್ಣು ಸ್ಮೃತಿ 86ನೇ ಅಧ್ಯಾಯ ಪೂರ್ತಿ ಇದರ ಬಗ್ಗೆನೇ ಇದೆ. ಎಂಥಾ ಹೋರಿ ಬಿಡಬೇಕು ಅಂದ್ರೆ, ಹಾಲು ಚೆನ್ನಾಗಿ ಕೊಡೋ ದನದ ಮಗ ಆಗಿರ್ಬೇಕು, ಆ ದನದ ಕರುಗಳೆಲ್ಲಾ ಬದುಕಿರ್ಬೇಕು, ಹೋರಿಗೆ ಅಂಗ ಊನ ಇರಬಾರದು, ಜೊತೆಗೆ ನಾಲ್ಕು ಮಣಕ ಬಿಡಬೇಕು. ನಂಗೆ ಅದನ್ನು ಕೇಳಿ ಮೈ ಜುಂ ಅಂತು. ತಳಿ ಉಳಿಸೋ ಲೆಕ್ಕನೇ ಅಲ್ವಾ ಅದು? ಆ ಹೋರಿ ಕುಡಿದ ನೀರು, ಮದ ಬಂದು ಕಾಲಲ್ಲಿ ಕೆರೆದ ಮಣ್ಣು ಸಹ ಪಿತೃಗಳಿಗೆ ತೃಪ್ತಿ ಅಂತ ಬರೆದಿದಾರೆ. ಈಗ ಎಲ್ಲಾ ಕಡೆ ಹೋರಿ ಬದಲು ದಕ್ಷಿಣೆ ಇಟ್ಟು ಮುಗಿಸ್ತೇವೆ, ನಾವೂ ಹಾಗೇ ಮಾಡಿದ್ದು, ಅದು ನನ್ನ ಮನಸ್ಸಲ್ಲಿ ಇವತ್ತಿಗೂ ಕೊರೀತದೆ.

ಹನ್ನೊಂದನೇ ದಿನವೇ ಆಗಬೇಕು ಅಂತಿಲ್ಲ, ಕಾರ್ತಿಕ ಹುಣ್ಣಿಮೆಗೂ ಮಾಡಬಹುದು ಅಂತ ಅದೇ ಅಧ್ಯಾಯದಲ್ಲಿದೆ. ಹಿಂದಿನ ಹಾಗೆ ಬೀದಿಗೆ ಬಿಡೋ ಕಾಲ ಅಲ್ಲ ಇದು, ನಿನ್ನ ಕೊಟ್ಟಿಗೆಲೇ ಅಪ್ಪನ ಹೆಸರಲ್ಲಿ ಒಂದು ಹೋರಿ ಸಾಕು, ಊರವರ ದನಕ್ಕೂ ಬಿಟ್ಟುಕೊಡು.

ತುರುವೇಕೆರೆ ಹಳ್ಳಿಕಾರ್

ಅಣ್ಣ, ನಾವು ಹಳ್ಳಿಕಾರ್ ತಳಿ ಕಟ್ಟೋರು, ಗಿಡ್ಡದ ಬಗ್ಗೆ ಗೊತ್ತಿಲ್ಲ ಆದ್ರೆ ಹೋರಿ ಬಗ್ಗೆ ಹೇಳ್ತೀನಿ. ಅಕ್ಕ ಹೇಳಿದ್ದು ನೂರಕ್ಕೆ ನೂರು ಸತ್ಯ. ಟ್ರ್ಯಾಕ್ಟ್ರು ಬಂದ್ಮೇಲೂ ನಮ್ ಕಡೆ ಹಳ್ಳಿಕಾರ್ ಉಳ್ಕೊಂಡಿರೋದು ಯಾಕೆ ಅಂದ್ರೆ ಘಾಟಿ ಜಾತ್ರೆಲಿ ಸಿದ್ಧಗಂಗೆ ಜಾತ್ರೆಲಿ ಒಳ್ಳೆ ಜೋಡಿಗೆ ಇವತ್ತಿಗೂ ಬೆಲೆ ಐತೆ, ಅದುಕ್ಕೆ ಸೀಮೆಗೆ ಒಬ್ರೋ ಇಬ್ರೋ ಬೀಜದ ಹೋರಿ ಕಟ್ಟೇ ಕಟ್ತಾರೆ, ಹತ್ತು ಹದಿನೈದು ಕಿಲೋಮೀಟ್ರಿಂದ ಹಸು ಹೊಡ್ಕೊಂಡು ಬತ್ತಾರೆ. ಸಂಕ್ರಾಂತಿಲಿ ನಮ್ಮನೇಲಿ ಕಿಚ್ಚು ಹಾಯ್ಸೋವಾಗ ಬೀಜದ ಹೋರಿನೇ ಮುಂದೆ.

ಹೋರಿಗರ ತಗೊಳ್ಳೋಕೆ ಹೋದಾಗ ಕರ ಆಮೇಲೆ ನೋಡಿ, ಮೊದ್ಲು ತಾಯಿ ನೋಡಿ. ಹಾಲು ಕರೆಯೋ ಹೊತ್ತಿಗೇ ಹೋಗಿ, ಒದೀತದಾ, ಕೆಚ್ಚಲು ಹೆಂಗದೆ, ನಾಲ್ಕು ಮೊಲೆಲೂ ಬತ್ತದಾ ಅಂತ ಕಣ್ಣಾರೆ ನೋಡಿ. ಎಷ್ಟು ಕರ ಹಾಕೈತೆ ಎಷ್ಟು ಉಳಿದವೆ ಕೇಳಿ. ಆಮೇಲೆ ಕರನ ಹತ್ತು ಹೆಜ್ಜೆ ನಡೆಸಿ ನೋಡಿ, ಹಿಂಗಾಲು ಒಂದಕ್ಕೊಂದು ತಗುಲ್ಬಾರ್ದು. ಹಾಲುಹಲ್ಲು ಬಿದ್ದು ಎರಡು ಹಲ್ಲಾಗೋ ಗಂಟ ಹಸು ಮೇಲೆ ಬಿಡ್ಬೇಡಿ, ಬಿಟ್ರೂ ತಿಂಗಳಿಗೆ ಒಂದೋ ಎರಡೋ ಅಷ್ಟೇ, ಎಳೇದ್ರಲ್ಲೇ ಬಳಸಿ ಕೆಡಿಸಿದ ಹೋರಿ ನಮ್ಮೂರಲ್ಲಿ ಬೇಕಾದಷ್ಟು ನೋಡಿದೀನಿ.

ನಿವೃತ್ತ ಪಶುವೈದ್ಯ

ಕೆಂಪಿಗೆ ಆಗಿದ್ದು ನಾನು ಸರ್ವಿಸ್‌ನಲ್ಲಿದ್ದಾಗ ಎಷ್ಟೋ ಸಲ ನೋಡಿದ ವಿಷಯ. ಗಿಡ್ಡ ದನದ ಎತ್ತರವೇ ಮೂರು ಅಡಿ ಆಸುಪಾಸು, ದೊಡ್ಡ ತಳಿಯ ವೀರ್ಯ ಹಾಕಿದರೆ ಕರು ದೊಡ್ಡದಾಗಿ ಆ ದಾರಿಯಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ, ಅದರಲ್ಲೂ ಮೊದಲ ಸೂಲಿನ ಮಣಕಕ್ಕೆ ಹಾಕಿಸಲೇಬೇಡಿ. ಗಿಡ್ಡ ಏನೋ ಹೆಸರಿಲ್ಲದ ದನ ಅಲ್ಲ, ಕರ್ನಾಲ್‌ನ ರಾಷ್ಟ್ರೀಯ ಪಶು ತಳಿ ಬ್ಯೂರೋದಲ್ಲಿ ಹಳ್ಳಿಕಾರ್, ಅಮೃತ ಮಹಲ್, ಕಿಲಾರಿ, ಕೃಷ್ಣಾ ತೀರ, ದೇವಣಿ ಇವುಗಳ ಹಾಗೇ ನೋಂದಣಿಯಾದ ತಳಿ. ಮೊದಲು ಪಶು ಆಸ್ಪತ್ರೆಯಲ್ಲಿ ಗಿಡ್ಡದ್ದೇ ಸ್ಟ್ರಾ (ಇಂಜೆಕ್ಷನ್‌ಗೆ ಬಳಸೋ ವೀರ್ಯದ ಕಡ್ಡಿ) ತರಿಸೋಕಾಗುತ್ತಾ ಅಂತ ವಿಚಾರಿಸಿ, ಸಿಕ್ಕರೆ ಈ ಸಲಕ್ಕೆ ಒಳ್ಳೇದು. ಆದರೂ ಹೋರಿ ಇರಲಿ ಅಂತಲೇ ನನ್ನ ಅಭಿಪ್ರಾಯ, ಯಾಕಂದ್ರೆ ಬೆಟ್ಟ ಮೇಯೋ ದನ ಬೆದೆಗೆ ಬಂದಿದ್ದು ನಿಮಗೆ ಗೊತ್ತಾಗೋ ಹೊತ್ತಿಗೆ ಸಮಯ ಮೀರಿರುತ್ತೆ, ಹೋರಿಗೆ ಅದು ತಪ್ಪೋದಿಲ್ಲ.

ಹೋರಿ ಹೋದರೆ ಏನಾಗುತ್ತೆ ಅನ್ನೋಕೆ ಕೇರಳದ ವೆಚ್ಚೂರು ದನ ನೋಡಿ. ಅಲ್ಲಿ 1961ರ ಕಾನೂನು ಲೈಸೆನ್ಸ್ ಇಲ್ಲದ ಹೋರಿ ಇಟ್ಕೊಳ್ಳೋ ಹಾಗಿಲ್ಲ ಅಂತು, ನಾಟಿ ಹೋರಿಗಳ ಬೀಜ ಒಡೆಸಿದರು, ಕೊನೆಗೆ ತಳಿಯೇ ಮುಗಿದೇ ಹೋಯ್ತು ಅನ್ನೋ ಸ್ಥಿತಿ. 1989ರಲ್ಲಿ ತ್ರಿಶೂರಿನ ಮಣ್ಣುತ್ತಿಯಲ್ಲಿ ಪ್ರೊಫೆಸರ್ ಸೋಸಮ್ಮ ಐಪ್ ತಮ್ಮ ವಿದ್ಯಾರ್ಥಿಗಳನ್ನ ಕಟ್ಕೊಂಡು ಊರೂರು ಅಲೆದು ಉಳಿದಿದ್ದ ಕೆಲವನ್ನ ಹುಡುಕಿ ತಂದು ತಳಿ ಉಳಿಸಿದರು, 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಂಥ ಸ್ಥಿತಿ ನಮ್ಮ ಗಿಡ್ಡಕ್ಕೆ ಬರಬಾರದು. ನಮ್ಮ ಸಂವಿಧಾನದ 48ನೇ ವಿಧಿಯಲ್ಲಿ ಗೋಹತ್ಯೆ ಮಾತು ಎಲ್ಲರಿಗೂ ಗೊತ್ತು, ಅದೇ ವಾಕ್ಯದಲ್ಲಿ ತಳಿಗಳನ್ನ ಕಾಪಾಡಬೇಕು ಸುಧಾರಿಸಬೇಕು ಅಂತಲೂ ಇದೆ, ಆ ಅರ್ಧದ ಬಗ್ಗೆ ಯಾರೂ ಮಾತಾಡಲ್ಲ.

ಎರಡು ಎಚ್ಚರಿಕೆ. ಹೋರಿ ಬೇರೆ ಊರಿನ ಮಂದೆಯಿಂದ ತನ್ನಿ, ಸಂಬಂಧ ಇರಬಾರದು. ಮೂರು ವರ್ಷ ಆದಮೇಲೆ ಅದರದ್ದೇ ಹೆಣ್ಣುಗರುಗಳು ಬೆದೆಗೆ ಬರೋಕೆ ಶುರುವಾಗುತ್ತೆ, ಅಷ್ಟರಲ್ಲಿ ಇನ್ನೊಂದು ಊರಿನ ಹೋರಿ ಜೊತೆ ಅದಲುಬದಲು ಮಾಡ್ಕೊಳ್ಳಿ. ಇನ್ನೊಂದು ಬ್ರುಸೆಲ್ಲೋಸಿಸ್, ಹಂಚಿಕೊಂಡ ಹೋರಿಯಿಂದ ಕಂದು ಹಾಕೋ ರೋಗ ಊರಿಗೆಲ್ಲಾ ಹರಡಬಾರದು, ಹೋರಿಗೂ ದನಕ್ಕೂ ರಕ್ತ ಪರೀಕ್ಷೆ ಮಾಡಿಸಿ. ಮುಂದೆ ಹುಟ್ಟೋ ಹೆಣ್ಣುಗರುಗಳಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಲಸಿಕೆ ಹಾಕಿಸಿ. ಇಷ್ಟು ದಿನ ಗಬ್ಬ ಇಲ್ಲದ ಆ ಮೂರು ದನಗಳ ಗರ್ಭಕೋಶ ಒಮ್ಮೆ ತೋರಿಸಿಬಿಡಿ.

ತುಂಗಾ ದಡದವ

ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್. ಶಿರಸಿ ಅಕ್ಕ, ನೀವು ಬರೆದಿದ್ದನ್ನ ಅಮ್ಮನಿಗೆ ಓದಿ ಹೇಳಿದೆ. ಅಪ್ಪನ ಹನ್ನೊಂದನೇ ದಿನ ಭಟ್ರು ವೃಷೋತ್ಸರ್ಗ ಅಂತ ಹೇಳಿ ದಕ್ಷಿಣೆ ಇಡ್ಸಿದ್ದು ನಂಗೆ ನೆನಪಿದೆ, ಆಗ ಅದೇನು ಅಂತ ಕೇಳೋ ಮನಸ್ಥಿತಿಲಿ ನಾನಿರ್ಲಿಲ್ಲ. ಅಮ್ಮ ಸುಮಾರು ಹೊತ್ತು ಸುಮ್ನೆ ಕೂತಿದ್ರು, ಆಮೇಲೆ ಅವರೇ ತವರಿಗೆ ಫೋನ್ ಮಾಡಿದ್ರು. ಹೊಸನಗರ ಕಡೆ ಮಾವನ ಪರಿಚಯದವರ ಮನೇಲಿ ಒಂದೂವರೆ ವರ್ಷದ ಕಪ್ಪು ಗಂಡುಗರು ಇದೆಯಂತೆ, ತಾಯಿ ಈಗ ಐದನೇ ಸೂಲು, ಹಾಕಿದ ಕರು ಯಾವುದೂ ಸತ್ತಿಲ್ಲವಂತೆ. ಭಾನುವಾರ ಬೆಳಿಗ್ಗೆ ಕರೆಯೋ ಹೊತ್ತಿಗೇ ಹೋಗ್ತಿದೀವಿ. ಚಿಕ್ಕದಿದೆ, ಹಲ್ಲಾಗೋ ತನಕ ಕಾಯ್ತೀವಿ, ಅಲ್ಲೀವರೆಗೆ ಗಿಡ್ಡದ ಸ್ಟ್ರಾ ಸಿಗುತ್ತಾ ವಿಚಾರಿಸ್ತೀನಿ. ಕಾರ್ತಿಕ ಹುಣ್ಣಿಮೆಗೆ ಸಂಕಲ್ಪ ಮಾಡ್ಸೋದು ಅಂತ ಆಯ್ತು. ಗುರುತು ಕಬ್ಬಿಣ ಕಾಯ್ಸಿ ಹಾಕೋದು ಬೇಡ, ಅರಿಶಿನ ಕುಂಕುಮದಲ್ಲೇ ಚಕ್ರ ತ್ರಿಶೂಲ ಬರೀತೀನಿ ಅಂದ್ರು ಅಮ್ಮ.

ಡಾಕ್ಟ್ರೇ, ಬ್ರುಸೆಲ್ಲಾ ಟೆಸ್ಟ್ ಐದೂ ದನಕ್ಕೆ ಒಂದೇ ದಿನ ಮಾಡಿಸ್ಬಹುದಾ?

ನಿವೃತ್ತ ಪಶುವೈದ್ಯ

ಮಾಡಿಸಬಹುದು. ಗಂಡುಗರುವಿನ ರಕ್ತವನ್ನ ಅವರ ಮನೆಯಲ್ಲೇ ತೆಗೆಸಿ, ರಿಪೋರ್ಟ್ ಬಂದಮೇಲೆ ಮನೆಗೆ ತನ್ನಿ. ತಂದಮೇಲೂ ಮೂರು ವಾರ ಕೊಟ್ಟಿಗೆಯಿಂದ ಬೇರೆ ಕಟ್ಟಿ, ನೀರಿನ ಬಾನಿನೂ ಬೇರೆ ಇರಲಿ.